ಕತ್ತಿಯೂ ಕಥೆಯೂ

ಹಾಸನ ಜಿಲ್ಲೆಯ ನಮ್ಮ ಊರಿನ ಹಳೆಯ ಮನೆಯಲ್ಲಿ, ನಡುಮನೆಯ ಬಾಗಿಲಿನ ಮೇಲ್ಗಡೆ, ಗೋಡೆಗೆ ಹೊಡೆದ ಎರಡು ಮೊಳೆಗಳ ಆಧಾರದಲ್ಲಿ ಒಂದು ಖುಕ್ರಿ ಮಲಗಿರುತ್ತಿತ್ತು. ಅದರ ಅಲಗು ಮುಂದಕ್ಕೆ ಬಾಗಿತ್ತು. ಬಾಗಿದ ಕಡೆ ಅಗಲವಾಗಿ, ತುದಿಗೆ ಬಂದಂತೆ ಚೂಪಾಗಿತ್ತು. ಕರಿಯ ಕೊಂಬಿನ ಹಿಡಿ, ಹಿಡಿಯ ತುದಿಗೆ ಹಿತ್ತಾಳೆಯ ಸಿಂಹದ ಮುಖ, ಕಪ್ಪು ತೊಗಲಿನ ಒರೆ. ಮನೆಗೆ ಬಂದವರ ಕಣ್ಣು ಮೊದಲು ದೇವರ ಪಟಕ್ಕೆ, ಅನಂತರ ಆ ಕತ್ತಿಗೆ ಹೋಗುತ್ತಿತ್ತು. ಕೆಲವರ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗುತ್ತಿದ್ದುದೂ ಉಂಟು.

ಅದು ನನ್ನ ದೊಡ್ಡಪ್ಪನವರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯಕ್ಕೆ ಸೇರಿ, ಬರ್ಮಾದ ಗಡಿಯವರೆಗೂ ಹೋಗಿ, 1946ರಲ್ಲಿ ಊರಿಗೆ ಮರಳಿದವರು. ಬಂದಾಗ ಒಂದು ತಗಡಿನ ಪೆಟ್ಟಿಗೆಯನ್ನೂ ಈ ಕತ್ತಿಯನ್ನೂ ತಂದರು. ಆಮೇಲೆ ಗದ್ದೆ, ತೋಟ, ದನಕರುಗಳ ನಡುವೆ ಅವರು ಉಳಿದ ಬಾಳನ್ನು ಕಳೆದರು. ಮಾತು ಬಹಳ ಕಡಿಮೆ. ಯುದ್ಧದ ವಿಷಯವನ್ನು ಯಾರಾದರೂ ಕೆದಕಿದರೆ, "ಮಳೆ ಜಾಸ್ತಿ ಅಲ್ಲಿ, ಕೆಸರು" ಎಂದು ಹೇಳಿ ಎಲೆ ಅಡಿಕೆಯ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಿದ್ದರು.

ಆಯುಧಪೂಜೆಯ ದಿನ ಕತ್ತಿಯನ್ನು ಇಳಿಸಿ ಬೆಳಗುವ ಕೆಲಸ ನನ್ನದು. ಹುಣಸೆಹಣ್ಣು, ಇಟ್ಟಿಗೆಯ ಪುಡಿ, ತೆಂಗಿನ ನಾರು ಇವು ನನ್ನ ಸಾಮಗ್ರಿ. ಅಲಗು ಕನ್ನಡಿಯಾಗುವವರೆಗೆ ಉಜ್ಜುತ್ತಿದ್ದೆ. ಅಂದು ಬೆಳಿಗ್ಗೆ ದೊಡ್ಡಪ್ಪನವರು ಮಾತ್ರ ಒಂದು ವಿಚಿತ್ರವಾದ ಕೆಲಸ ಮಾಡುತ್ತಿದ್ದರು. ಸ್ನಾನ ಮುಗಿಸಿ ನೇರವಾಗಿ ಊರಾಚೆಯ ಅಕ್ಕಿ ಗಿರಣಿಗೆ ಹೋಗಿ, ಅಲ್ಲಿ ನಿಂತಿರುತ್ತಿದ್ದ ಲಾರಿಯ ಚಕ್ರಕ್ಕೆ ಅರಿಸಿನ ಕುಂಕುಮ ಹಚ್ಚಿ, ಒಂದು ತೆಂಗಿನಕಾಯಿ ಒಡೆದು ಬರುತ್ತಿದ್ದರು. ಆ ಲಾರಿ ನಮ್ಮದಲ್ಲ, ಗಿರಣಿಯೂ ನಮ್ಮದಲ್ಲ. ಮನೆಯ ಪೂಜೆ ಅದಾದ ಮೇಲೆಯೇ. ಇದೇಕೆಂದು ನಾನು ಒಮ್ಮೆಯೂ ಕೇಳಲಿಲ್ಲ. ಮನೆಯಲ್ಲಿ ಕತ್ತಿಯಿರುವಾಗ ಲಾರಿಯ ವಿಚಾರ ಯಾವ ಹುಡುಗನಿಗೆ ಬೇಕು?

ಕತ್ತಿಯ ಅಲಗಿನ ಮೇಲೆ, ಹಿಡಿಗೆ ಸಮೀಪದಲ್ಲಿ, ಇಂಗ್ಲಿಷಿನ ಮೂರು ಅಕ್ಷರಗಳಿದ್ದವು: ಡಿ, ಐ, ಎ. ಅವು ಯಾರದೋ ಹೆಸರಿನ ಮೊದಲ ಅಕ್ಷರಗಳೆಂದು ನಾನು ನಿಶ್ಚಯಿಸಿದೆ. 1970ರಲ್ಲಿ ನಾನು ಏಳನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ನಡೆಯಿತು; ವಿಷಯ 'ನಮ್ಮ ಮನೆಯ ಒಂದು ಅಮೂಲ್ಯ ವಸ್ತು'. ನನ್ನ ಲೇಖನಿಗೆ ಕಡಿವಾಣವೇ ಇರಲಿಲ್ಲ. ಕೊಹಿಮಾದ ಬೆಟ್ಟದ ಮೇಲೆ ಕಗ್ಗತ್ತಲೆಯಲ್ಲಿ ದೊಡ್ಡಪ್ಪನವರು ಶತ್ರುಗಳ ನಡುವೆ ನುಗ್ಗಿ ಒಬ್ಬ ಇಂಗ್ಲಿಷ್ ಕ್ಯಾಪ್ಟನ್ನನ ಪ್ರಾಣ ಉಳಿಸಿದರೆಂದೂ, ಆತನು ಮೆಚ್ಚಿ ತನ್ನ ಹೆಸರಿನ ಅಕ್ಷರಗಳನ್ನು ಕೆತ್ತಿಸಿದ್ದ ಈ ಖುಕ್ರಿಯನ್ನು ಕಾಣಿಕೆಯಾಗಿ ಕೊಟ್ಟನೆಂದೂ ಬರೆದೆ. ಖುಕ್ರಿಯನ್ನು ಒಮ್ಮೆ ಒರೆಯಿಂದ ಎಳೆದರೆ ರಕ್ತ ಕಾಣಿಸದೆ ಮತ್ತೆ ಒಳಗಿಡಬಾರದೆಂಬ, ಯಾರೋ ಹೇಳಿದ್ದ ಮಾತನ್ನೂ ಸೇರಿಸಿದೆ. ಪ್ರತಿವರ್ಷವೂ ನಾನೇ ಅದನ್ನು ಎಳೆದು, ಬೆಳಗಿ, ಒಂದು ಹನಿ ರಕ್ತವೂ ಇಲ್ಲದೆ ಒಳಗಿಡುತ್ತಿದ್ದೆನೆಂಬುದು ಬರೆಯುವಾಗ ನೆನಪಾಗಲಿಲ್ಲ.

ನನಗೆ ಮೊದಲನೆಯ ಬಹುಮಾನ ಬಂತು. ಶಾಲೆಯ ವಾರ್ಷಿಕೋತ್ಸವದಲ್ಲಿ ಪ್ರಬಂಧವನ್ನು ಗಟ್ಟಿಯಾಗಿ ಓದಿಸಿದರು. ದೊಡ್ಡಪ್ಪನವರು ಮುಂದಿನ ಸಾಲಿನಲ್ಲಿ ಕುಳಿತು, ತಲೆ ತಗ್ಗಿಸಿಕೊಂಡು ಕೇಳಿದರು. ಚಪ್ಪಾಳೆ ಬಿತ್ತು. ಮನೆಗೆ ಹಿಂದಿರುಗುವಾಗ ಕೆರೆಯ ಏರಿಯ ಮೇಲೆ ಅವರು ಆಡಿದ್ದು ಇಷ್ಟೇ: "ಚೆನ್ನಾಗಿ ಬರೆದಿದ್ದೀಯ ಮಗು. ಆದರೆ ಆ ಯುದ್ಧದಲ್ಲಿ ಲಾರಿ ಓಡಿಸಿದವರೂ ಇದ್ದರು." ಮೆಚ್ಚುಗೆಯ ಭಾಗ ಮಾತ್ರ ನನ್ನ ಕಿವಿಗೆ ಬಿತ್ತು.

ಅಂದಿನಿಂದ ಆ ಕಥೆ ನನ್ನ ಕೈ ಬಿಟ್ಟು ಊರಿನದಾಯಿತು. ಮನೆಯವರು ಬಂದವರಿಗೆ ಅದನ್ನೇ ಹೇಳಿದರು. 1988ರಲ್ಲಿ ದೊಡ್ಡಪ್ಪನವರು ತೀರಿಕೊಂಡಾಗ ಸಂತಾಪ ಸೂಚಿಸಿದವರೂ ಕೊಹಿಮಾದ ಕ್ಯಾಪ್ಟನ್ನನನ್ನು ಸ್ಮರಿಸಿದರು. ಸುಳ್ಳು ಎಂಬುದು ಬಳ್ಳಿಯ ಹಾಗೆ. ನೆಟ್ಟವನು ಮರೆತರೂ ಅದು ಚಪ್ಪರಕ್ಕೆ ಹಬ್ಬುವುದನ್ನು ಮರೆಯುವುದಿಲ್ಲ.

2023ರಲ್ಲಿ, ದಸರಾ ಹಬ್ಬಕ್ಕೆ ಒಂದು ತಿಂಗಳಿರುವಾಗ, ದೊಡ್ಡಪ್ಪನವರ ಮಗ, ನಮ್ಮ ಅಣ್ಣ, ನನ್ನ ಮನೆಗೆ ಬಂದರು. ಮೊಮ್ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸ್ಥಾನ ದೊರೆತಿತ್ತು. ಶುಲ್ಕಕ್ಕೆ ಹಣ ಸಾಲದು. ಹಳೆಯ ಆಯುಧಗಳನ್ನು ಕೊಳ್ಳುವ ಒಬ್ಬ ವ್ಯಾಪಾರಿ ಬೆಂಗಳೂರಿನಿಂದ ಬರುವವನಿದ್ದ. "ನೀನೂ ಬಾ, ನೀನು ಎಂ.ಎ. ಓದಿದವನು, ನಿನ್ನ ಮಾತಿಗೆ ತೂಕವಿದೆ" ಎಂದರು ಅಣ್ಣ. ನನ್ನ ಎಂ.ಎ. ಕನ್ನಡದ್ದು, ಕತ್ತಿಯದಲ್ಲ ಎಂದು ನಗೆಯಾಡಿದೆ. ಆದರೂ ಹೋದೆ.

ವ್ಯಾಪಾರಿ ನಾನು ಊಹಿಸಿದಂತಹ ಧೂರ್ತನಾಗಿರಲಿಲ್ಲ. ತನ್ನ ಕಸುಬನ್ನು ಬಲ್ಲವನು. ಕತ್ತಿಯನ್ನು ಅವನು ಕೈಗೆತ್ತಿಕೊಂಡ ರೀತಿಯಲ್ಲೇ ಅದು ತಿಳಿಯುತ್ತಿತ್ತು. ಮೊದಲು ಕತೆ ಕೇಳಲಿಲ್ಲ. "ನಮ್ಮಲ್ಲಿ ಒಂದು ಮಾತಿದೆ, ಮೇಷ್ಟ್ರೇ: ಕತ್ತಿಯನ್ನು ಕೊಳ್ಳು, ಕಥೆಯನ್ನು ಕೊಳ್ಳಬೇಡ. ಮೊದಲು ವಸ್ತು ಏನು ಹೇಳುತ್ತದೋ ಕೇಳೋಣ, ತಾವು ಹೇಳುವುದನ್ನು ಆಮೇಲೆ ಕೇಳುತ್ತೇನೆ" ಎಂದ. ಆ ಮಾತು ನನಗೆ ಹಿಡಿಸಿತು. ಅಂದು ಅವನಿಂದ ಕೇಳಿ ತಿಳಿದದ್ದನ್ನೂ, ಅನಂತರ ಪುಸ್ತಕಗಳನ್ನು ತರಿಸಿ ಓದಿ ತಿಳಿದದ್ದನ್ನೂ ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಮೊದಲನೆಯದು, ಕತ್ತಿಯನ್ನು ಮಾಡಿದ ಬಗೆ. ಖುಕ್ರಿ ನೇಪಾಳದ ಜನರ ದಿನಬಳಕೆಯ ಕತ್ತಿ. ಸೌದೆ ಸೀಳುವುದಕ್ಕೂ ಅದೇ, ಸಮರಕ್ಕೂ ಅದೇ. 1814ರಿಂದ 1816ರವರೆಗೆ ನಡೆದ ಯುದ್ಧದಲ್ಲಿ ಗೂರ್ಖರ ಪರಾಕ್ರಮವನ್ನು ಕಂಡ ಇಂಗ್ಲಿಷರು, ಯುದ್ಧ ಮುಗಿಯುವ ಮೊದಲೇ, 1815ರಲ್ಲಿ, ಅವರನ್ನು ತಮ್ಮ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದರು. ಅವರೊಡನೆ ಖುಕ್ರಿಯೂ ಸೈನ್ಯವನ್ನು ಸೇರಿತು. ಹಳ್ಳಿಯ ಕಮ್ಮಾರನು ಮಾಡಿದ ಹಳೆಯ ಖುಕ್ರಿಗಳಲ್ಲಿ ಅಲಗಿನ ಬುಡವು ಸಣ್ಣ ಸಲಾಕೆಯಾಗಿ ಹಿಡಿಯೊಳಗೆ ಅಡಗಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಬಹುಸಂಖ್ಯೆಯಲ್ಲಿ ಮಾಡಿದ ಖುಕ್ರಿಗಳಲ್ಲಿ ಸಾಮಾನ್ಯವಾಗಿ ಅಲಗಿನ ಬುಡವು ಹಿಡಿಯಷ್ಟೇ ಅಗಲವಾಗಿದ್ದು, ಇಕ್ಕೆಲದಲ್ಲಿಯೂ ಮರದ ತುಂಡುಗಳನ್ನಿಟ್ಟು ಮೊಳೆ ಬಡಿದಿರುತ್ತಾರೆ. ಒರೆಯಲ್ಲಿ ಎರಡು ಪುಟ್ಟ ಕತ್ತಿಗಳಿರಬೇಕು: ಸಣ್ಣಪುಟ್ಟ ಕೆಲಸಕ್ಕೆ ಹರಿತವಾದ ಕರ್ದ, ಅಲಗನ್ನು ಮಸೆಯಲು, ಕಲ್ಲಿಗೆ ಬಡಿದು ಕಿಡಿ ಎಬ್ಬಿಸಲು ಮೊಂಡಾದ ಚಕ್ಮಕ್. ಇವೆರಡೂ ಇದ್ದರೆ ಬೆಲೆ ಏರುತ್ತದೆ; ನಮ್ಮ ಒರೆಯಲ್ಲಿ ಒಂದೇ ಉಳಿದಿತ್ತು.

ಎರಡನೆಯದು ಲೋಹ. ಸ್ಟೇನ್‌ಲೆಸ್ ಸ್ಟೀಲನ್ನು ಹ್ಯಾರಿ ಬ್ರಿಯರ್ಲಿ ಎಂಬುವರು ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಸಿದ್ಧಪಡಿಸಿದ್ದು 1913ರಲ್ಲಿ. ಆದುದರಿಂದ 1857ರ ದಂಗೆಯ ಕತ್ತಿಯೆಂದು ಯಾರಾದರೂ ಹೊಳೆಯುವ ಸ್ಟೇನ್‌ಲೆಸ್ ಅಲಗನ್ನು ತೋರಿಸಿದರೆ ಮರುಮಾತಿಲ್ಲದೆ ಎದ್ದು ಬರಬಹುದು. ನಮ್ಮ ನಾಡಿನ ಹಳೆಯ ಉಕ್ಕಿನ ವಿಷಯವೂ ಇಲ್ಲಿ ಬರುತ್ತದೆ. ದಕ್ಷಿಣ ಭಾರತದ ಮೂಸೆಯುಕ್ಕು ಲೋಕಪ್ರಸಿದ್ಧವಾಗಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸರು ಅದನ್ನು ಪರೀಕ್ಷಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದಾಗ ಅದನ್ನು 'ವೂಟ್ಜ್' ಎಂದು ಕರೆದರು. ಇದು ಕನ್ನಡದ 'ಉಕ್ಕು' ಎಂಬ ಮಾತಿನದೇ ರೂಪಾಂತರವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಉಕ್ಕಿನ ಅಲಗಿನಲ್ಲಿ ನೀರಿನ ಅಲೆಯಂತಹ ಗೆರೆಗಳು ಕಾಣುತ್ತವೆ. ಕೃತ್ರಿಮಕಾರರು ಸಾಧಾರಣ ಕಬ್ಬಿಣದ ಮೇಲೆ ಆಮ್ಲದಿಂದ ಅಂತಹುದೇ ಗೆರೆಗಳನ್ನು ಬರೆಯುತ್ತಾರೆ. ಆದರೆ ಉಜ್ಜಿದರೆ ಬರೆದ ಗೆರೆ ಅಳಿದುಹೋಗುತ್ತದೆ. ನಿಜವಾದ ಗೆರೆ ಮಸುಕಾಗಬಹುದೇ ಹೊರತು, ತಕ್ಕ ಸಂಸ್ಕಾರ ಮಾಡಿದರೆ ಮತ್ತೆ ಮೂಡುತ್ತದೆ. ಏಕೆಂದರೆ ಅದು ಉಕ್ಕಿನ ಮೈಯೊಳಗೇ ಇದೆ.

ಮೂರನೆಯದು ವಯಸ್ಸಿನ ಗುರುತು. ಹಳೆಯ ತುಕ್ಕು ಕಂದುಗಪ್ಪಾಗಿ ಲೋಹಕ್ಕೆ ಅಂಟಿಕೊಂಡಿರುತ್ತದೆ. ಆಮ್ಲ ಹಚ್ಚಿಯೋ ಒದ್ದೆ ಮಣ್ಣಿನಲ್ಲಿ ಹೂತೋ ಬರಿಸಿದ ಹೊಸ ತುಕ್ಕು ಕೆಂಪಗೆ ಪುಡಿಪುಡಿಯಾಗಿ ಕೈಗೆ ಹತ್ತುತ್ತದೆ. ನಿಜವಾದ ಸವೆತಕ್ಕೆ ಒಂದು ನ್ಯಾಯವಿದೆ: ಹೆಬ್ಬೆರಳು ಊರುವ ಕಡೆ ಹಿಡಿ ನುಣುಪಾಗಿರುತ್ತದೆ, ಒರೆಯ ಬಾಯಿಗೆ ತಾಗುವ ಕಡೆ ಅಲಗಿನ ಬಣ್ಣ ಬೇರೆಯಾಗಿರುತ್ತದೆ, ತೊಗಲಿಗೆ ಹಿತ್ತಾಳೆ ತಗುಲುವಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಎಲ್ಲ ಕಡೆಯೂ ಒಂದೇ ಸಮನಾಗಿ ಮುದಿಯಾಗಿರುವ ಕತ್ತಿಯನ್ನು ನಂಬಬಾರದು. ಮನುಷ್ಯನಾಗಲಿ ವಸ್ತುವಾಗಲಿ ಎಲ್ಲ ಕಡೆಯೂ ಒಂದೇ ಸಮನಾಗಿ ಮುದಿಯಾಗುವುದಿಲ್ಲ.

ನಾಲ್ಕನೆಯದು, ಮುದ್ರೆ. ಬ್ರಿಟಿಷ್ ಸರ್ಕಾರದ ಸೊತ್ತಿಗೆ ಮೂರು ಗೆರೆಗಳು ಮೇಲುಗಡೆ ಕೂಡುವ ಬಾಣದ ಗುರುತನ್ನು ಒತ್ತುತ್ತಿದ್ದರು. ಸರ್ಕಾರವು ಆ ವಸ್ತುವನ್ನು ಸೇವೆಯಿಂದ ಬಿಡಿಸಿ ಮಾರಿದಾಗ ಎರಡು ಬಾಣಗಳನ್ನು ಮೊನೆಗೆ ಮೊನೆ ತಾಗುವಂತೆ ಒತ್ತುವ ಪದ್ಧತಿಯಿತ್ತು. ನೇಪಾಳದ ಸೈನ್ಯದ ಹಳೆಯ ಖುಕ್ರಿಗಳಲ್ಲಿ ನಾಗರಿ ಅಕ್ಷರಗಳೂ ವಿಕ್ರಮ ಸಂವತ್ತಿನ ವರ್ಷಗಳೂ ಇರುತ್ತವೆ. ವಿಕ್ರಮ ಸಂವತ್ 1950 ಎಂದರೆ ಕ್ರಿಸ್ತಶಕ 1893-94. ಈ ಲೆಕ್ಕ ತಿಳಿಯದವನು ಹಳೆಯದನ್ನು ಹೊಸದೆಂದು ಮಾರಿ ಕೆಡಬಹುದು. ಮುದ್ರೆಯನ್ನು ಒತ್ತಿದ ಕಾಲವೂ ಮುಖ್ಯ. ಕತ್ತಿ ಹೊಸದಿದ್ದಾಗಲೇ ಒತ್ತಿದ ಮುದ್ರೆಯ ಗುಳಿಯೊಳಗೂ ಹೊರಗಿನ ಮುದಿಬಣ್ಣವೇ ಇರುತ್ತದೆ. ಹಳೆಯ ಕತ್ತಿಗೆ ನಿನ್ನೆ ಒತ್ತಿದ ಮುದ್ರೆ ಒಳಗೆ ಹೊಳೆಯುತ್ತದೆ; ಆ ಹೊಳಪೇ ಅದನ್ನು ಹಿಡಿದುಕೊಡುತ್ತದೆ.

ಇದನ್ನೆಲ್ಲ ಕೇಳುತ್ತ ನನಗೆ ಎಂ.ಎ. ತರಗತಿಯ ಶಾಸನದ ಪಾಠಗಳು ನೆನಪಾದವು. ಗಂಗರಸರ ಹೆಸರಿನ ತಾಮ್ರಶಾಸನಗಳಲ್ಲಿ ಹಲವನ್ನು ಫ್ಲೀಟ್ ಅವರು ಕೂಟಶಾಸನಗಳೆಂದು ತಳ್ಳಿಹಾಕಿದರು. ರೈಸ್ ಅವರು ಅದನ್ನು ಒಪ್ಪದೆ ವಾದಿಸಿದರು. ಶಾಸನವು ತಾನು ಇಂತಹ ಶಕವರ್ಷದ್ದೆಂದು ಹೇಳಿಕೊಳ್ಳುತ್ತದೆ. ಅದರ ಲಿಪಿಯು ಇನ್ನೆಷ್ಟೋ ತಲೆಮಾರು ಈಚಿನದು. ಭೂಮಿಯ ಮೇಲಿನ ಹಕ್ಕನ್ನು ಸ್ಥಾಪಿಸಲು ಯಾರೋ ಹಳೆಯ ರಾಜನ ಹೆಸರಿನಲ್ಲಿ ಹೊಸ ತಗಡನ್ನು ಕೆತ್ತಿಸಿರುತ್ತಾರೆ. ಅಲ್ಲಿ ತಾಮ್ರವು ಸುಳ್ಳಲ್ಲ, ಅಕ್ಷರವೂ ಸುಳ್ಳಲ್ಲ. ಅಕ್ಷರದ ಬಾಯಿಯಲ್ಲಿ ಆಡಿಸಿದ ಮಾತು ಸುಳ್ಳು. ಕತ್ತಿಯ ಪರೀಕ್ಷೆ ನನಗೆ ಅಪರಿಚಿತವಾದ ವಿದ್ಯೆಯೆಂದುಕೊಂಡಿದ್ದೆ. ಅದು ನಾನು ಕಲಿತ ವಿದ್ಯೆಯೇ ಆಗಿತ್ತು.

ವ್ಯಾಪಾರಿ ನಮ್ಮ ಕತ್ತಿಯನ್ನು ಕಿಟಕಿಯ ಬಳಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸಿ, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟ. ಸವೆದ ಶಾಸನದ ಕಲ್ಲನ್ನು ಓದಲು ನಾವೂ ಹೀಗೆಯೇ ಓರೆಬೆಳಕಿಗಾಗಿ ಕಾಯುತ್ತಿದ್ದೆವು. ನೋಡಿದೆ. ಡಿ, ಐ, ಎ ಅಕ್ಷರಗಳ ಎಡಗಡೆಗೆ ಇನ್ನೂ ಎರಡು ಅಕ್ಷರಗಳ ನೆರಳು ಕಂಡಿತು: ಮೊದಲು ಐ, ಆಮೇಲೆ ಎನ್. ಐದನ್ನೂ ಕೂಡಿಸಿ ಓದಿದೆ. 'ಇಂಡಿಯಾ.'

"ಹೊರದೇಶದವರಿಗೆ ಮಾರುವ ಸರಕಿನ ಮೇಲೆ ಒತ್ತುತ್ತಿದ್ದ ಮಾತು" ಎಂದ ಅವನು. ಅಮೆರಿಕದ 1890ರ ಸುಂಕದ ಕಾಯಿದೆಯು ಆಮದಿನ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರು ಇಂಗ್ಲಿಷಿನಲ್ಲಿ ಇರತಕ್ಕದ್ದೆಂದು ವಿಧಿಸಿದ ಮೇಲೆ ಇಂತಹ ಮುದ್ರೆಗಳು ವಾಡಿಕೆಗೆ ಬಂದವು. ಬಾಣದ ಗುರುತಿಲ್ಲ, ಪಡೆಯ ಸಂಖ್ಯೆಯಿಲ್ಲ. ಸಿಂಹದ ಮುಖವಿದೆ, ಅಲಗಿನ ಮೇಲೆ ಹೂಬಳ್ಳಿಯ ಗೀರು ಇದೆ. ಸಿಪಾಯಿಗಳು ಪೇಟೆಯಲ್ಲಿ ನೆನಪಿಗಾಗಿ ಕೊಂಡು ಊರಿಗೆ ಒಯ್ಯುತ್ತಿದ್ದ ಬಗೆಯ ಕತ್ತಿ ಇದು. ಯುದ್ಧಕ್ಕಾಗಿ ಸೈನ್ಯವು ಕೊಟ್ಟದ್ದಲ್ಲ.

ನಾನು ಪ್ರಾಣ ಕೊಟ್ಟಿದ್ದ ಕ್ಯಾಪ್ಟನ್ನನು ಆ ಕ್ಷಣದಲ್ಲಿ ಸತ್ತುಹೋದ. ಅವನನ್ನು ಹುಟ್ಟಿಸಿದವನು ನಾನು. ಅವನು ಹುಟ್ಟಲು ಅಡ್ಡಿಯಾಗಬಹುದಾಗಿದ್ದ ಎರಡು ಅಕ್ಷರಗಳು ಅಳಿದದ್ದರಲ್ಲಿ ನನ್ನ ಇಟ್ಟಿಗೆಯ ಪುಡಿಯ ಪಾಲೂ ಇತ್ತು. ವ್ಯಾಪಾರಿ ಅಲಗನ್ನು ಬೆರಳಿನಿಂದ ಸವರಿ, "ಯಾರೋ ಬಹಳ ಶ್ರದ್ಧೆಯಿಂದ ಉಜ್ಜಿದ್ದಾರೆ. ಹಳೆಯ ಕತ್ತಿಗೆ ಶತ್ರು ತುಕ್ಕಲ್ಲ, ಶ್ರದ್ಧೆ" ಎಂದ. ವಸ್ತುವಿನ ಮೇಲೆ ಕಾಲವು ಬರೆದ ಬರೆಹವನ್ನು ಉಜ್ಜಿ ತೆಗೆದರೆ ಮತ್ತೆ ಬರೆಯಲಾಗದು. ತೆಳುವಾಗಿ ಎಣ್ಣೆ ಸವರಬೇಕು, ತೇವದಿಂದ ಕಾಪಾಡಬೇಕು. ತೊಗಲು ತೇವವನ್ನು ಹೀರಿಟ್ಟುಕೊಳ್ಳುವುದರಿಂದ ಒರೆಯೊಳಗೆ ಬಹುಕಾಲ ಇಡಬಾರದು. ಅದಕ್ಕಿಂತ ಹೆಚ್ಚಿನ ಉಪಚಾರ ಬೇಡ.

ಅನಂತರ ಬೆಲೆಯ ಮಾತು ಬಂತು. ಹಳೆಯದಾದ ಮಾತ್ರಕ್ಕೆ ವಸ್ತುವಿನ ಬೆಲೆ ಏರುವುದಿಲ್ಲವೆಂದು ಅವನು ವಿವರಿಸಿದ. 2003ರಲ್ಲಿ ಕಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಶಸ್ತ್ರಾಗಾರದಲ್ಲಿ ಕೂಡಿಟ್ಟಿದ್ದ ಆಯುಧಗಳನ್ನು ಅಮೆರಿಕದ ವ್ಯಾಪಾರಿಗಳು ಕೊಂಡರು. ಹತ್ತೊಂಬತ್ತನೆಯ ಶತಮಾನದ ಖುಕ್ರಿಗಳು ಸಾವಿರಗಟ್ಟಲೆ ಮಾರುಕಟ್ಟೆಗೆ ಬಂದವು. ನಿಜವಾದವು, ಹಳೆಯವು, ಆದರೆ ಅಪರೂಪವಲ್ಲ. ಆದುದರಿಂದ ಸಾಮಾನ್ಯರ ಕೈಗೂ ಎಟುಕಿದವು. ಇದಕ್ಕೆ ಇನ್ನೊಂದು ತುದಿಯಲ್ಲಿ ಟಿಪ್ಪು ಸುಲ್ತಾನನ ಖಡ್ಗವಿದೆ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಅದು ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸುಲ್ತಾನನ ಶಯನಗೃಹದಲ್ಲಿ ದೊರೆತ ಆ ಖಡ್ಗವನ್ನು ಸೈನ್ಯವು ಡೇವಿಡ್ ಬೇರ್ಡ್ ಎಂಬ ಸೇನಾನಿಗೆ ಕಾಣಿಕೆಯಾಗಿ ಕೊಟ್ಟಿತ್ತು. ಉಕ್ಕಿಗೆ ಅಷ್ಟು ಬೆಲೆಯಿಲ್ಲ, ಚಿನ್ನದ ಕೆಲಸಕ್ಕೂ ಇಲ್ಲ. ಯಾರ ಕೈಯಿಂದ ಯಾರ ಕೈಗೆ ಬಂತೆಂಬ ಸಾಕ್ಷ್ಯದ ಸರಪಳಿಗೆ ಬೆಲೆ. ನೂರು ವರ್ಷ ಮೀರಿದ ವಸ್ತುವಾದರೆ 1972ರ ಪುರಾವಸ್ತುಗಳ ಕಾಯಿದೆ ಅನ್ವಯಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

"ಇದು ಅಷ್ಟು ಹಳೆಯದಲ್ಲ" ಎಂದು ಅವನು ಮುಗಿಸಿದ. "ಬರಿಯ ಕತ್ತಿಗೆ ನಾನು 3,000 ರೂಪಾಯಿ ಕೊಡಬಲ್ಲೆ. ಆದರೆ ಮನೆಯವರು ಹೇಳುವ ಆ ಕೊಹಿಮಾದ ವಿಷಯವನ್ನು ಮೇಷ್ಟ್ರು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಟ್ಟರೆ 40,000. ಅಂತಹ ಪತ್ರವಿದ್ದರೆ ಕೊಳ್ಳುವವರಿದ್ದಾರೆ. ನಾನು ಕತ್ತಿಯನ್ನು ಮಾತ್ರ ನೋಡುವವನು. ಅವರು ಪತ್ರವನ್ನೂ ನೋಡುತ್ತಾರೆ."

ಅವನು ಸುಳ್ಳು ಹೇಳೆಂದು ನನ್ನನ್ನು ಕೇಳಲಿಲ್ಲ. ಒಂದು ಹಾಳೆ ಬರೆದುಕೊಡಿ ಎಂದು ಮಾತ್ರ ಕೇಳಿದ. ಅಣ್ಣ ನನ್ನ ಮುಖವನ್ನು ನೋಡಿದರು. ಆ ನೋಟದಲ್ಲಿ ದುರಾಸೆಯಿರಲಿಲ್ಲ. ಕಾಲೇಜಿನ ಶುಲ್ಕ ಕಟ್ಟುವ ಕೊನೆಯ ದಿನಾಂಕವಿತ್ತು. ಅವರ ಮಟ್ಟಿಗೆ ಅದು ಸುಳ್ಳೂ ಆಗಿರಲಿಲ್ಲ. ಐವತ್ತು ವರ್ಷಗಳಿಂದ ಅವರು ನಂಬಿಕೊಂಡು ಬಂದ ಮನೆಯ ಚರಿತ್ರೆ. ಅದು ಸುಳ್ಳೆಂದು ತಿಳಿದಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಒಂದು ದಿನದ ಅವಕಾಶ ಕೇಳಿದೆ.

ಆ ರಾತ್ರಿ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಇಳಿಸಿಕೊಂಡೆ. ಒಳಗೆ ದೊಡ್ಡಪ್ಪನವರ ಬಿಡುಗಡೆಯ ಕಾಗದವಿತ್ತು. ಸೈನ್ಯಕ್ಕೆ ಸೇರಿದ್ದು 1942, ಬಿಡುಗಡೆ 1946, ವಿಭಾಗ, ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಕೆಲಸ, ಮೋಟಾರು ಚಾಲಕ, ಪದಕಗಳ ಕಡೆಯಲ್ಲಿ ಬರ್ಮಾ ಸ್ಟಾರ್. ಕೆರೆಯ ಏರಿಯ ಮೇಲೆ ಆಡಿದ ಆ ಒಂದು ಮಾತು ಐವತ್ತಮೂರು ವರ್ಷ ತಡವಾಗಿ ನನ್ನ ಕಿವಿಯನ್ನು ಮುಟ್ಟಿತು.

ಕೊಹಿಮಾದ ಯುದ್ಧದ ಬಗೆಗೆ ನಾನು ಸರಿಯಾಗಿ ಓದಿದ್ದು ಆಮೇಲೆಯೇ. ದಿಮಾಪುರದ ರೈಲು ನಿಲ್ದಾಣದಿಂದ ಕೊಹಿಮಾದ ಮೂಲಕ ಇಂಫಾಲಕ್ಕೆ ಹೋಗುವ ಸುಮಾರು 130 ಮೈಲಿಗಳ ಬೆಟ್ಟದ ಹಾದಿಯೇ ಆ ರಣರಂಗದ ಜೀವನಾಡಿ. 1944ರ ಮಾರ್ಚಿಯ ಕೊನೆಯಲ್ಲಿ ಜಪಾನೀಯರು ಅದನ್ನು ಕಡಿದುಹಾಕಿದರು. ಏಪ್ರಿಲ್ 4ರಿಂದ ಕೊಹಿಮಾದ ಗುಡ್ಡದಲ್ಲಿ ಕದನ ನಡೆಯಿತು. ಜೂನ್ 22ರಂದು ಹಾದಿ ಮತ್ತೆ ತೆರೆಯಿತು. ಅಕ್ಕಿ, ಮದ್ದುಗುಂಡು, ಔಷಧಿ, ಗಾಯಾಳುಗಳು, ಎಲ್ಲವೂ ಆ ಹಾದಿಯ ಮೇಲೆ ಲಾರಿಗಳಲ್ಲಿ ಸಾಗಬೇಕಿತ್ತು. ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಪ್ರಪಾತ, ಮುಂಗಾರಿನ ಮಳೆ, ಕುಸಿಯುವ ಮಣ್ಣು. 'ಮಳೆ ಜಾಸ್ತಿ ಅಲ್ಲಿ; ಕೆಸರು.' ದೊಡ್ಡಪ್ಪನವರು ತಮ್ಮ ಯುದ್ಧವನ್ನು ನಮಗೆ ಪೂರ್ತಿಯಾಗಿಯೇ ಹೇಳಿದ್ದರು. ಅದರಲ್ಲಿ ಕತ್ತಿಯಿರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ.

ನನಗೆ ನಾಚಿಕೆಯಾದದ್ದು ಸುಳ್ಳು ಬರೆದದ್ದಕ್ಕಿಂತ ಹೆಚ್ಚಾಗಿ ಇದಕ್ಕೆ. ಇದ್ದ ಮನುಷ್ಯನು ಸಾಲದೆಂದು ನಾನು ಇಲ್ಲದ ಮನುಷ್ಯನನ್ನು ಸೃಷ್ಟಿಸಿದ್ದೆ. ಆ ಸೃಷ್ಟಿಯ ನೆರಳಿನಲ್ಲಿ ಅವರು ಹದಿನೆಂಟು ವರ್ಷ ಮೌನವಾಗಿ ಬದುಕಿದರು. ಈಗ ಮತ್ತೊಮ್ಮೆ ಸಹಿ ಹಾಕಿದರೆ ಅದು ಹನ್ನೆರಡು ವರ್ಷದ ಹುಡುಗನ ಕಲ್ಪನೆಯೆನಿಸುವುದಿಲ್ಲ. ಮುದಿ ಉಪಾಧ್ಯಾಯನ ಕೂಟಶಾಸನವೆನಿಸುತ್ತದೆ.

ಮರುದಿನ ಬೆಳಿಗ್ಗೆ ಒಂದು ಹಾಳೆ ಬರೆದು ಮೊದಲು ಅಣ್ಣನ ಕೈಗೆ ಕೊಟ್ಟೆ. ಈ ಕತ್ತಿಯು ಪೇಟೆಯಲ್ಲಿ ಕೊಂಡದ್ದಿರಬೇಕೆಂದೂ, ಅದರ ಮೇಲೆ 'ಇಂಡಿಯಾ' ಎಂಬ ಮುದ್ರೆಯಿದೆಯೆಂದೂ, ಮೊದಲ ಎರಡು ಅಕ್ಷರಗಳು ಸವೆಯಲು ನಾನು ವರ್ಷವರ್ಷವೂ ಉಜ್ಜಿದ್ದು ಕಾರಣವೆಂದೂ ಬರೆದಿದ್ದೆ. ಇದರ ಒಡೆಯರು ಬರ್ಮಾದ ಯುದ್ಧದಲ್ಲಿ ಲಾರಿಯನ್ನು ಓಡಿಸಿದವರು. ಕ್ಯಾಪ್ಟನ್ನನ ಕಥೆಯನ್ನು 1970ರಲ್ಲಿ ನಾನು ಕಲ್ಪಿಸಿದೆ. ಅವರು ಅದನ್ನು ಎಂದೂ ಹೇಳಿದವರಲ್ಲ ಎಂದು ಮುಗಿಸಿ, ಹೆಸರು, ದಿನಾಂಕ ಹಾಕಿದ್ದೆ.

ಅಣ್ಣ ಎರಡು ಸಲ ಓದಿದರು. "ಇಷ್ಟು ದಿನ ಹೇಳಲಿಲ್ಲವಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವ್ಯಾಪಾರಿ ಹಾಳೆಯನ್ನು ಓದಿ ಮಡಚಿ ಹಿಂದಿರುಗಿಸಿದ. "ಇಂತಹ ಪತ್ರವನ್ನು ನನಗೆ ಯಾರೂ ಕೊಟ್ಟಿಲ್ಲ, ಮೇಷ್ಟ್ರೇ. ಇದರಿಂದ ಬೆಲೆ ಏರುವುದಿಲ್ಲ, ಆದರೆ ಕತ್ತಿಯ ಜೊತೆಗೇ ಇಡಿ" ಎಂದು ಹೇಳಿ ತನ್ನ 3,000 ರೂಪಾಯಿಯನ್ನು ಮತ್ತೆ ಮುಂದಿಟ್ಟ. ಅಣ್ಣ ಬೇಡವೆಂದರು. ಕತ್ತಿ ಮನೆಯಲ್ಲೇ ಉಳಿಯಿತು.

ಸತ್ಯ ಹೇಳಿದುದಕ್ಕಾಗಿ ಆಕಾಶದಿಂದ ಹಣ ಉದುರಲಿಲ್ಲ. ಶುಲ್ಕದ ಒಂದು ಭಾಗವನ್ನು ನನ್ನ ಪಿಂಚಣಿಯ ಉಳಿತಾಯದಿಂದ ಕೊಟ್ಟೆ. ಉಳಿದುದಕ್ಕೆ ಅಣ್ಣ ಸಹಕಾರ ಸಂಘದಲ್ಲಿ ಸಾಲ ಮಾಡಿದರು. ಆ ಸಾಲ ಇನ್ನೂ ತೀರಿಲ್ಲ. ಕೆಲವು ವಾರ ಅಣ್ಣ ನನ್ನೊಡನೆ ಹೆಚ್ಚು ಮಾತನಾಡಲೂ ಇಲ್ಲ. ತಂದೆಯ ಕೊಹಿಮಾವನ್ನು ಕಳೆದುಕೊಂಡ ಮಗನಿಗೆ ಅಷ್ಟು ಸಂಕಟವಾಗುವುದು ಸಹಜ.

ಮೊಮ್ಮಗಳು ಮಾತ್ರ ಬೇರೆ ರೀತಿಯಲ್ಲಿ ಕೇಳಿದಳು. ಪತ್ರವನ್ನು ಓದಿದವಳು, "ಮುತ್ತಾತ ಲಾರಿಯಲ್ಲಿ ಗಾಯಾಳುಗಳನ್ನೂ ಕರೆತರುತ್ತಿದ್ದರೇ, ತಾತ?" ಎಂದಳು. ಆ ಹಾದಿಯಲ್ಲಿ ಲಾರಿಗಳು ಗಾಯಾಳುಗಳನ್ನು ಸಾಗಿಸುತ್ತಿದ್ದವು. ಅವರೂ ಸಾಗಿಸಿದರೋ ಇಲ್ಲವೋ ಹೇಳಲಾರೆ ಎಂದೆ. ಹೊಸ ಕಥೆಯನ್ನು ಕಟ್ಟಲು ನಾಲಗೆ ತುದಿಯವರೆಗೆ ಬಂದಿತ್ತು, ತಡೆದುಕೊಂಡೆ.

ಆ ವರ್ಷದ ಆಯುಧಪೂಜೆಗೆ ಅಣ್ಣನೇ ಹೇಳಿಕಳುಹಿಸಿದರು. ಕತ್ತಿಯನ್ನು ಮಣೆಯ ಮೇಲೆ ಇಟ್ಟಿದ್ದರು. ಉಜ್ಜಿರಲಿಲ್ಲ, ತೆಳುವಾಗಿ ಎಣ್ಣೆ ಸವರಿದ್ದರು. ಪಕ್ಕದಲ್ಲಿ ಬಿಡುಗಡೆಯ ಕಾಗದ, ಅದರ ಕೆಳಗೆ ನನ್ನ ಹಾಳೆ. ಆದರೆ ಪೂಜೆ ಇನ್ನೂ ಆರಂಭವಾಗಿರಲಿಲ್ಲ. ಅಣ್ಣ ಕೈಯಲ್ಲಿ ತೆಂಗಿನಕಾಯಿ, ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಗಿರಣಿ ಮುಚ್ಚಿ ಎಷ್ಟೋ ವರ್ಷವಾಯಿತು. ಬಸ್ ನಿಲ್ದಾಣದ ಹತ್ತಿರ ಯಾವುದಾದರೂ ಲಾರಿ ನಿಂತಿರುತ್ತದೆ. ಬಾ, ಹೋಗಿ ಬರೋಣ" ಎಂದರು.